ಆಟಿಸಂ ಮಕ್ಕಳು ಮತ್ತು ಕೈಗುಣ



ನಮ್ಮ ಕುಂಬಳೆ ಸೀಮೆಯಲ್ಲಿ ಹಿರಿಯರು ಒಬ್ಬ ವೈದ್ಯರನ್ನು ಹೊಗಳುವಾಗ ಅವರ ಓದಿನ ವಿಷಯ ಹೇಳುವುದು ಕಡಿಮೆ. "ಅವರದ್ದು ಒಳ್ಳೆಯ ಕೈಗುಣ" ಎಂದುಬಿಡುತ್ತಾರೆ. ಮದ್ದು ಅದೇ ಆದರೂ ಕೆಲವರ ಕೈಯಿಂದ ಕೊಟ್ಟರೆ ಬೇಗ ಗುಣವಾಗುತ್ತದೆ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಕಾಲು ಉಳುಕಿದರೆ ಗೊತ್ತಿದ್ದವರಲ್ಲಿ ನೀವಿಸಿಕೊಳ್ಳುತ್ತೇವೆ. ಎಳೆಮಗುವಿಗೆ ಎಣ್ಣೆ ತಿಕ್ಕಿ ಮೀಯಿಸುತ್ತೇವೆ. ಸೊಂಟ ಹಿಡಿದವರು ಕಳರಿ ಗುರುಗಳಲ್ಲಿಗೋ ಆಯುರ್ವೇದ ವೈದ್ಯರಲ್ಲಿಗೋ ಹೋಗಿ ಉಳಿಚ್ಚಿಲ್ ಮಾಡಿಸಿಕೊಂಡು ಬರುತ್ತಾರೆ. ಹಾಗಾಗಿ ಮೈಮುಟ್ಟಿ ಮಾಡುವ ಉಪಚಾರ ನಮಗೆ ಹೊಸತಲ್ಲ. ಈ ಹೊತ್ತು ನಾನು ಮಾತನಾಡಲಿರುವುದು ಆಟಿಸಂ ಇರುವ ಮಕ್ಕಳಿಗೆ ಅಂಥ ಕೈಯ ಉಪಚಾರದಿಂದ ಏನಾದೀತು, ಏನಾಗದು ಎಂಬ ಬಗ್ಗೆ.

ನಾನು ವೈದ್ಯಳಲ್ಲ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದವಳು. ಆಟಿಸಂ ಎಂಬ ಶಬ್ದ ನನ್ನ ಮನೆಯ ಜಗಲಿ ಹತ್ತಿದ್ದು ನನ್ನ ಮಗಳ ಮಗನಿಂದಾಗಿ. ಅವನಿಗೆ ಈಗ 11 ವರ್ಷ. ಇವತ್ತು ಹೇಳುವ ಮಾತುಗಳಲ್ಲಿ ಅರ್ಧ ಓದಿ, ಕೇಳಿ ತಿಳಿದದ್ದು. ಉಳಿದರ್ಧ ತಪ್ಪು ಮಾಡಿ ತಿಳಿದದ್ದು.

ಮಗು ಹುಟ್ಟಿದಾಗ ಎಲ್ಲ ಮನೆಗಳಂತೆ ನಮ್ಮಲ್ಲೂ ತೆಂಗಿನೆಣ್ಣೆ ಬಿಸಿ ಮಾಡಿ, ಕಾಲು ನೀಡಿ ಕುಳಿತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ತಿಕ್ಕುತ್ತಿದ್ದೆವು. ಎಣ್ಣೆ ತಿಕ್ಕುವಾಗ ಮಕ್ಕಳು ಅಳುವುದು ಸಹಜವೇ. ಆದರೆ ಈ ಮಗುವಿನ ಅಳು ಬೇರೆಯೇ ತೆರನಾಗಿತ್ತು. ಬೆರಳ ತುದಿ ತಾಗಿದರೆ ಬಿಲ್ಲಿನಂತೆ ಬಾಗುತ್ತಿದ್ದ. ಎರಡು ವರ್ಷ ಕಳೆದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ ವಸ್ತುವನ್ನು ಬೆರಳಿಂದ ತೋರಿಸುತ್ತಿರಲಿಲ್ಲ. ನಮ್ಮ ಕೈಯನ್ನೇ ಹಿಡಿದೆಳೆದು ಅದರ ಮೇಲಿಡುತ್ತಿದ್ದ. ಗಾಡಿಯನ್ನು ಓಡಿಸಿ ಆಡುವ ಬದಲು ಮಗುಚಿ ಹಾಕಿ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತಿದ್ದ.

ನೆರೆಹೊರೆಯವರು ತಮಗೆ ತೋಚಿದ ಕಾರಣ ಹೇಳಿದರು. "ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ತುಳು, ಪೇಟೆಗೆ ಹೋದರೆ ಮಲಯಾಳ. ಮಗು ಯಾವುದನ್ನು ಕಲಿಯಬೇಕು ಟೀಚರೇ?" ಎಂದು ಒಬ್ಬರು ಕೇಳಿದರು. ತಾಯಿ ಕೆಲಸಕ್ಕೆ ಹೋಗುವುದೇ ಕಾರಣವೆಂದು ಇನ್ನೊಬ್ಬರು. ಎರಡೂ ಸರಿಯಲ್ಲ. ಎರಡು ಮೂರು ಭಾಷೆ ಕೇಳುತ್ತ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಿಗೂ ಎರಡನೆಯ ಭಾಷೆಯಿಂದ ಮಾತು ಇನ್ನಷ್ಟು ತಡವಾಗುವುದು ಕಂಡುಬಂದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಹಾಗಿಲ್ಲದಿದ್ದರೆ ನಮ್ಮ ಗಡಿನಾಡಿನಲ್ಲಿ ಯಾರಿಗೆ ತಾನೆ ಮಾತು ಬರುತ್ತಿತ್ತು!

ತಾಯಿಯ ಮೇಲೆ ಹೊರಿಸುವ ದೂರಿಗೂ ಒಂದು ಹಳೆಯ ಕಥೆಯಿದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳನ್ನು ಗಮನಿಸಿ ಈ ಸ್ಥಿತಿಯನ್ನು ವಿವರವಾಗಿ ಬರೆದರು. ಮುಂದೆ ಕೆಲವು ವರ್ಷ, ತಣ್ಣಗಿನ ಮನಸ್ಸಿನ, ಪ್ರೀತಿ ತೋರದ ತಾಯಂದಿರಿಂದಲೇ ಮಕ್ಕಳು ಹೀಗಾಗುತ್ತಾರೆಂದು ದೊಡ್ಡ ದೊಡ್ಡ ಪಂಡಿತರೇ ವಾದಿಸಿದರು. ಆಟಿಸಂ ಇದ್ದ ಒಬ್ಬ ಹುಡುಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಪುಸ್ತಕ ಬರೆದು ಈ ವಾದವನ್ನು ಅಲ್ಲಗಳೆದರು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಹುಟ್ಟಿನೊಂದಿಗೇ ಬರುವಂಥದು ಎಂಬುದನ್ನು ಇಂದು ಎಲ್ಲರೂ ಒಪ್ಪಿದ್ದಾರೆ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಹೆಸರೂ ಇದೆ. ಇದು ಜ್ವರದಂತೆ ಬಂದು ಹೋಗುವ ಕಾಯಿಲೆಯಲ್ಲ. ಆ ಮಗು ಲೋಕವನ್ನು ಕಾಣುವ, ಕೇಳುವ, ಮುಟ್ಟುವ ರೀತಿಯೇ ಬೇರೆ.

ಇಷ್ಟು ತಿಳಿಯುವ ಮೊದಲು ನಾವು ಏನು ಮಾಡಿದೆವು ಎಂಬುದನ್ನು ಹೇಳುತ್ತೇನೆ. ಮೂರೂವರೆ ವರ್ಷದಲ್ಲಿ ವೈದ್ಯರು ಪರೀಕ್ಷಿಸಿ ಆಟಿಸಂ ಎಂದರು. ಮಾತಿನ ತರಬೇತಿ ಆರಂಭಿಸಿ, ಮನೆಯಲ್ಲಿ ಅಭ್ಯಾಸ ಮಾಡಿಸಿ ಎಂದರು. ನಾಲ್ಕು ತಿಂಗಳಾದರೂ ಮಾತು ಬರಲಿಲ್ಲ. ಆಗ ಪರಿಚಿತರೊಬ್ಬರು ಒಂದು ದೊಡ್ಡ ಪಟ್ಟಣದ ವಿಳಾಸ ಕೊಟ್ಟರು. ಅಲ್ಲಿ ಕೈಯಿಂದಲೇ ಚಿಕಿತ್ಸೆ. ತಲೆಯ ಎಲುಬಿನ ಬಿಗಿ ಸಡಿಲಿಸಿದರೆ ಮಾತು ತಾನಾಗಿ ಬರುತ್ತದಂತೆ ಎಂದರು. ಮಗಳಿಗೆ ಮನಸ್ಸಿರಲಿಲ್ಲ. ಒತ್ತಾಯಿಸಿದವಳು ನಾನೇ. ನನ್ನ ಬಳೆಗಳನ್ನು ಅಡವಿಟ್ಟು 40 ದಿನದ ಹಣವನ್ನು ಮುಂಗಡವಾಗಿ ಕಟ್ಟಿದೆವು. ಮಾತಿನ ತರಬೇತಿ ನಿಲ್ಲಿಸಿದೆವು. ಎರಡಕ್ಕೂ ಹೋಗಲು ಸಮಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಒಳಗೆ ಚಿಕಿತ್ಸೆ ನಡೆಯುವಾಗ ಮನೆಯವರು ಹೊರಗೆ ಕುಳಿತಿರಬೇಕು ಎಂಬುದು ಅಲ್ಲಿಯ ನಿಯಮ. ಬಾಗಿಲ ಆಚೆ ಮಗು ಕಿರುಚುವುದು ಕೇಳುತ್ತಿತ್ತು. "ಅಳಲಿ, ಒಳಗಿನದು ಹೊರಗೆ ಬರುತ್ತಾ ಇದೆ" ಎಂದರು. ಒಂಬತ್ತನೆಯ ದಿನ ನಮ್ಮ ಬಸ್ಸು ಆ ಬೀದಿಗೆ ತಿರುಗುತ್ತಲೇ ಮಗು ನಡುಗತೊಡಗಿದ. ಮಾತು ಬಾರದ ಮಗು ಅದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು? ಮಗಳು ಅವನನ್ನು ಎತ್ತಿಕೊಂಡು ಅಲ್ಲೇ ಇಳಿದಳು. "ಅಮ್ಮಾ, ಇನ್ನು ಸಾಕು" ಎಂದಳು. ಹಣ ಮರಳಿ ಬರಲಿಲ್ಲ. ಹಣದ ಚಿಂತೆ ಈಗ ಇಲ್ಲ. ಆದರೆ ಅದಾದ ಮೇಲೆ ತಿಂಗಳುಗಟ್ಟಲೆ ಅವನು ತಲೆ ಬಾಚಲೂ ಬಿಡಲಿಲ್ಲ.

ಇಂಥ ಚಿಕಿತ್ಸೆಗಳ ಹಿಂದಿನ ವಿಚಾರವನ್ನು ನಾನು ಓದತೊಡಗಿದ್ದು ಆಮೇಲೆ. ತಲೆಬುರುಡೆಯ ಎಲುಬುಗಳು ಒಂದು ಲಯದಲ್ಲಿ ಅಲುಗುತ್ತವೆ, ಬೆರಳಿಂದ ಮೆಲ್ಲಗೆ ಒತ್ತಿ ಅದನ್ನು ಸರಿಪಡಿಸಬಹುದು ಎಂಬುದು ಅಮೆರಿಕದಲ್ಲಿ ಹುಟ್ಟಿದ ಒಂದು ಪದ್ಧತಿ. ವಿಲಿಯಂ ಸದರ್ಲೆಂಡ್ ಎಂಬವರು ಅದಕ್ಕೆ ಬುನಾದಿ ಹಾಕಿದರು. 1970ರ ದಶಕದಿಂದೀಚೆಗೆ ಜಾನ್ ಅಪ್ಲೆಡ್ಜರ್ ಅದನ್ನು ಹೊಸ ರೂಪದಲ್ಲಿ ಹರಡಿದರು. ಆದರೆ ಆ ಲಯವನ್ನು ಕೈಯಿಂದ ಅರಿಯುತ್ತೇವೆ ಎನ್ನುವ ಇಬ್ಬರು ಒಬ್ಬನೇ ವ್ಯಕ್ತಿಯನ್ನು ಮುಟ್ಟಿ ಎಣಿಸಿದಾಗ ಅವರ ಲೆಕ್ಕಗಳು ಒಂದಕ್ಕೊಂದು ತಾಳೆಯಾಗಲಿಲ್ಲ ಎಂದು ಪರೀಕ್ಷೆಗಳು ತೋರಿಸಿವೆ. ನಾಡಿ ಹಿಡಿದ ಇಬ್ಬರು ಬೇರೆ ಬೇರೆ ಎಣಿಕೆ ಹೇಳಿದರೆ ನಾವು ಒಪ್ಪುತ್ತೇವೆಯೆ?

ಹಾಗಾದರೆ ಕೈಯ ಉಪಚಾರವೆಲ್ಲ ಸುಳ್ಳೇ ಎಂದು ನೀವು ಕೇಳಬಹುದು. ಹಾಗೆ ಹೇಳಲಾಗದು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಹಿಡಿಸಿತು. 3ರಿಂದ 6 ವರ್ಷದೊಳಗಿನ 20 ಆಟಿಸಂ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಹೆತ್ತವರೇ ಒಂದು ತಿಂಗಳ ಕಾಲ ದಿನವೂ ಮಲಗುವ ಮೊದಲು 15 ನಿಮಿಷ ಮೈ ತಿಕ್ಕಿದರು. ಇನ್ನೊಂದು ಗುಂಪಿನ ಹೆತ್ತವರು ಅಷ್ಟೇ ಹೊತ್ತು ಕಥೆ ಓದಿ ಹೇಳಿದರು. ಮೈ ತಿಕ್ಕಿಸಿಕೊಂಡ ಮಕ್ಕಳಲ್ಲಿ ನಿದ್ರೆಯ ತೊಂದರೆ ಕಡಿಮೆಯಾಯಿತು, ಶಾಲೆಯಲ್ಲಿ ಗಮನ ಹೆಚ್ಚಿತು ಎಂದು ವರದಿಯಾಯಿತು. ಅಲ್ಲಿನ ಒರೆಗಾನ್ ರಾಜ್ಯದ ವೈದ್ಯೆ ಲೂಯಿಸಾ ಸಿಲ್ವಾ ಕೂಡ ಚೀನೀ ಪದ್ಧತಿಯ ಅಂಗಮರ್ದನವನ್ನು ತಾಯಿತಂದೆಯರಿಗೇ ಕಲಿಸಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು.

ಆದರೆ 20 ಮಕ್ಕಳೆಂದರೆ ಒಂದು ಸಣ್ಣ ತರಗತಿಯಷ್ಟೇ. 2011ರಲ್ಲಿ ಕೆಲವು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ ಜರಡಿ ಹಿಡಿದರು. ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದವು ಆರು ಮಾತ್ರ ಉಳಿದವು. ಅವುಗಳಲ್ಲೂ ಊನಗಳಿದ್ದವು. ತರಬೇತಿಯ ಜತೆಗೆ ಮೈ ತಿಕ್ಕುವುದರಿಂದ ಸ್ವಲ್ಪ ಪ್ರಯೋಜನ ಇದ್ದೀತು, ಖಚಿತವಾಗಿ ಹೇಳುವಷ್ಟು ಆಧಾರವಿಲ್ಲ ಎಂಬುದು ಅವರ ತೀರ್ಮಾನ. ಅಂದರೆ ಇದೊಂದು ಪೂರಕ ಉಪಚಾರ. ಗಂಜಿಗೆ ಉಪ್ಪಿನಕಾಯಿ ಇದ್ದ ಹಾಗೆ. ನಾಲಿಗೆಗೆ ಹಿತ, ಊಟ ಸರಾಗವಾಗಿ ಇಳಿಯುತ್ತದೆ. ಹಾಗೆಂದು ಗಂಜಿಯ ಬದಲು ಉಪ್ಪಿನಕಾಯಿ ತಿಂದು ಬದುಕಲಾಗದು. ನಾನು ಮಾಡಿದ ತಪ್ಪು ಅದೇ. ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದೆ.

ಮುಟ್ಟುವುದು ಆಟಿಸಂ ಮಕ್ಕಳಿಗೆ ಯಾಕೆ ಇಷ್ಟು ಮುಖ್ಯ? ಅನೇಕ ಮಕ್ಕಳಿಗೆ ಶಬ್ದ, ಬೆಳಕು, ಸ್ಪರ್ಶಗಳು ನಮಗಿಂತ ಹೆಚ್ಚು ತೀವ್ರವಾಗಿ ತಾಗುತ್ತವೆ. ಕೆಲವರಿಗೆ ತೀರಾ ಕಡಿಮೆ ತಾಗುತ್ತವೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪರಿಷ್ಕರಿಸಿದ ಕೈಪಿಡಿಯಲ್ಲಿ ಇದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದ್ದಾರೆ. ಅಂಗಿಯ ಕಾಲರಿನ ಚೀಟಿ ಕೆಲವು ಮಕ್ಕಳಿಗೆ ಮುಳ್ಳಿನಂತೆ ಚುಚ್ಚುತ್ತದೆ. ಮೆಲ್ಲಗೆ ಸವರಿದರೆ ಕಚಗುಳಿಯಾಗಿ ಹಿಂಸೆಯಾಗುತ್ತದೆ. ಅದೇ ಅಂಗೈ ಅಗಲವಾಗಿಟ್ಟು ಗಟ್ಟಿಯಾಗಿ ಒತ್ತಿದರೆ ಹಿತವಾಗುತ್ತದೆ. ನಮ್ಮ ಮಗು ಹಾಸಿಗೆಗಳ ಸಂದಿಯಲ್ಲಿ ನುಗ್ಗಿ ಮಲಗುತ್ತಿದ್ದುದರ ಅರ್ಥ ನನಗೆ ಆಗ ಹೊಳೆಯಿತು.

ಟೆಂಪಲ್ ಗ್ರಾಂಡಿನ್ ಎಂಬ ಮಹಿಳೆಯ ಕಥೆಯನ್ನು ಇಲ್ಲಿ ಹೇಳಬೇಕು. 1947ರಲ್ಲಿ ಹುಟ್ಟಿದ ಇವರಿಗೆ ಸ್ವತಃ ಆಟಿಸಂ ಇದೆ. ಮುಂದೆ ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾದರು. ಚಿಕ್ಕವರಿದ್ದಾಗ ಯಾರಾದರೂ ಅಪ್ಪಿಕೊಂಡರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಆದರೂ ಮೈಗೆ ಒತ್ತು ಬೇಕೆನಿಸುತ್ತಿತ್ತು. ಹದಿಹರೆಯದಲ್ಲಿ ಚಿಕ್ಕಮ್ಮನ ಜಾನುವಾರು ಸಾಕಣೆಯ ಜಾಗಕ್ಕೆ ಹೋಗಿದ್ದಾಗ, ಚುಚ್ಚುಮದ್ದು ಕೊಡುವ ಮೊದಲು ದನಗಳನ್ನು ಎರಡು ಹಲಗೆಗಳ ನಡುವೆ ಒತ್ತಿ ನಿಲ್ಲಿಸುವುದನ್ನೂ, ಕೆಲವು ದನಗಳು ಆ ಒತ್ತಿಗೆ ಶಾಂತವಾಗುವುದನ್ನೂ ಕಂಡರು. ಅದೇ ಮಾದರಿಯಲ್ಲಿ ತಮಗಾಗಿ ಒಂದು ಯಂತ್ರವನ್ನು ಕಟ್ಟಿಕೊಂಡರು. ಅದರೊಳಗೆ ಸ್ವಲ್ಪ ಹೊತ್ತು ಇದ್ದರೆ ಅವರ ಕಳವಳ ಇಳಿಯುತ್ತಿತ್ತು. ಗಮನಿಸಬೇಕಾದ ಮಾತೆಂದರೆ, ಆ ಯಂತ್ರದ ಹಿಡಿ ಅವರ ಕೈಯಲ್ಲೇ ಇತ್ತು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದನ್ನು ನಿರ್ಧರಿಸುವವರು ಅವರೇ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಥೆಯಿದೆ. 1980ರ ದಶಕದಲ್ಲಿ ಆಟಿಸಂ ಮಕ್ಕಳನ್ನು ಬಲವಂತವಾಗಿ ಅಪ್ಪಿ ಹಿಡಿಯುವ ಚಿಕಿತ್ಸೆಯೊಂದು ವಿದೇಶಗಳಲ್ಲಿ ಹರಡಿತು. ಮಗು ಕೊಸರಾಡಲಿ, ಅಳಲಿ, ಸೋತು ಸುಮ್ಮನಾಗುವ ತನಕ ತಾಯಿ ಬಿಡಬಾರದು ಎಂಬುದು ಅದರ ಕ್ರಮ. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಬಹುಮಾನ ಪಡೆದ ನಿಕೊ ಟಿನ್ಬರ್ಗನ್ ಅಂಥವರೂ ತಮ್ಮ ಪತ್ನಿಯೊಡನೆ 1983ರಲ್ಲಿ ಬರೆದ ಪುಸ್ತಕದಲ್ಲಿ ಅದನ್ನು ಎತ್ತಿಹಿಡಿದರು. ಅದಕ್ಕೆ ಆಧಾರ ದೊರೆಯಲಿಲ್ಲ. ಮಕ್ಕಳು ಅನುಭವಿಸಿದ ಹೆದರಿಕೆ ಮಾತ್ರ ಉಳಿಯಿತು. ಹೆಸರಾಂತರು ಹೇಳಿದರೆಂಬ ಮಾತ್ರಕ್ಕೆ ನಂಬಬಾರದು. ಮಗು ಸುಮ್ಮನಾದರೆ ಸಮಾಧಾನವಾಗಿದೆ ಎಂದೇ ಅರ್ಥವಲ್ಲ. ದಣಿದೂ ಸುಮ್ಮನಾಗಬಹುದು.

ಈಗ ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ ಎಂಬುದನ್ನು ಹೇಳುತ್ತೇನೆ. ಇದಕ್ಕೆ ಖರ್ಚಿಲ್ಲ. ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ, ದಿನವೂ ಅದೇ ಹೊತ್ತಿಗೆ, ಅದೇ ಚಾಪೆಯ ಮೇಲೆ. ಟಿ.ವಿ., ಮೊಬೈಲು ಬಂದ್. ಕೈಯ ಚಿತ್ರವಿರುವ ಒಂದು ಕಾರ್ಡನ್ನು ಮೊದಲು ತೋರಿಸುತ್ತೇವೆ. ಬೇಕಿದ್ದರೆ ಅವನು ಕಾರ್ಡನ್ನು ತೆಗೆದುಕೊಳ್ಳುತ್ತಾನೆ, ಬೇಡವಾದರೆ ದೂಡುತ್ತಾನೆ. ದೂಡಿದ ದಿನ ತಿಕ್ಕುವುದಿಲ್ಲ. ಆರಂಭದಲ್ಲಿ ಅಂಗಿಯ ಮೇಲಿಂದಲೇ ಬೆನ್ನಿಗೆ ಅಂಗೈ ಒತ್ತುತ್ತಿದ್ದೆವು. ಎಣ್ಣೆ ಮುಟ್ಟಲು ಅವನು ಒಪ್ಪಿದ್ದು ಎಷ್ಟೋ ವಾರಗಳ ನಂತರ. ಬೆನ್ನು, ತೋಳು, ಆಮೇಲೆ ಪಾದ. ತಲೆ, ಮುಖಕ್ಕೆ ಹೋಗುವುದಿಲ್ಲ. ಅಂಗೈ ಅಗಲವಾಗಿಟ್ಟು, ಒಂದೇ ಸಮನೆ, ನಿಧಾನವಾಗಿ. ಪ್ರತಿ ಭಾಗಕ್ಕೂ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತೇವೆ. ಯಾವಾಗ ಮುಗಿಯುತ್ತದೆ ಎಂದು ತಿಳಿದಿದ್ದರೆ ಮಗುವಿಗೆ ಧೈರ್ಯ. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಜ್ವರವಿದ್ದರೆ, ಚರ್ಮದಲ್ಲಿ ಹುಣ್ಣು ಇದ್ದರೆ ಮಾಡಬಾರದು.

ಇದರಿಂದ ಏನಾಯಿತು? ಮೊದಲು ಒಂದು ಗಂಟೆಗೆ ಮಲಗುತ್ತಿದ್ದವನು ಈಗ ಹೆಚ್ಚಿನ ದಿನ ಹತ್ತೂವರೆಯೊಳಗೆ ಮಲಗುತ್ತಾನೆ. ಉಗುರು ಕತ್ತರಿಸಲು ಬಿಡುತ್ತಾನೆ. ಮಗಳಿಗೆ ನಿದ್ರೆ ಸಿಗುತ್ತದೆ. ಎಣ್ಣೆ ತಿಕ್ಕಿದ್ದರಿಂದ ಮಾತು ಬಂತೇ ಎಂದರೆ, ಇಲ್ಲ. ಮಾತು ಬಂದದ್ದು ತರಬೇತಿ ಮತ್ತೆ ಆರಂಭಿಸಿದ ಮೇಲೆ, ಒಂದೊಂದಾಗಿ. ಈಗ ಸುಮಾರು 60 ಶಬ್ದಗಳಿವೆ. ಉಳಿದದ್ದಕ್ಕೆ ಚಿತ್ರದ ಪುಸ್ತಕವಿದೆ.

ಹೊರಗಿನವರಿಂದ ಇಂಥ ಉಪಚಾರ ಮಾಡಿಸಲೇ ಬಾರದು ಎಂದು ನಾನು ಹೇಳುವುದಿಲ್ಲ. ತರಬೇತಿ ಪಡೆದ ಫಿಸಿಯೋಥೆರಪಿಯವರು, ಆಕ್ಯುಪೇಷನಲ್ ಥೆರಪಿಯವರು, ಮಕ್ಕಳ ಅನುಭವವಿರುವ ಆಯುರ್ವೇದ ವೈದ್ಯರು ನೆರವಾಗಬಲ್ಲರು. ಆದರೆ ಹಣ ಕಟ್ಟುವ ಮೊದಲು ಕೆಲವು ಪ್ರಶ್ನೆ ಕೇಳಿ. ನೀವು ಏನನ್ನು ಕಲಿತಿದ್ದೀರಿ, ಎಲ್ಲಿ ಕಲಿತಿದ್ದೀರಿ? ಯಾವ ತೊಂದರೆಗೆ ಈ ಉಪಚಾರ, ಎಷ್ಟು ದಿನದಲ್ಲಿ ಏನು ಬದಲಾವಣೆ ನೋಡಬೇಕು? ಬದಲಾವಣೆ ಕಾಣದಿದ್ದರೆ ನಿಲ್ಲಿಸುತ್ತೀರಾ? ನಾನು ಒಳಗೆ ಕುಳಿತಿರಬಹುದೇ? ಕೊನೆಯ ಪ್ರಶ್ನೆಗೆ ಬೇಡವೆಂದರೆ ಅಲ್ಲಿಂದಲೇ ಮಗುವನ್ನು ಕರೆದುಕೊಂಡು ಮರಳಿ. ಏನಾಯಿತೆಂದು ಹೇಳಲು ಬಾರದ ಮಗುವನ್ನು ಮುಚ್ಚಿದ ಬಾಗಿಲ ಹಿಂದೆ ಯಾರ ಕೈಗೂ ಒಪ್ಪಿಸಬಾರದು. ತನ್ನ ಮೈಯನ್ನು ಮುಟ್ಟುವಾಗ ಬೇಡ ಎನ್ನಲು ಆ ಮಗು ಕಲಿಯಬೇಕು. ಆ ಬೇಡಕ್ಕೆ ಮನೆಯಲ್ಲೂ ಬೆಲೆ ಸಿಗಬೇಕು.

ಇನ್ನೆರಡು ಎಚ್ಚರಿಕೆ. ಕತ್ತನ್ನು, ಬೆನ್ನೆಲುಬನ್ನು ಥಟ್ಟನೆ ತಿರುಗಿಸಿ ಸದ್ದು ಬರಿಸುವವರ ಬಳಿ ಮಕ್ಕಳನ್ನು ಒಯ್ಯಬೇಡಿ. ಅಪರೂಪಕ್ಕಾದರೂ ಗಂಭೀರ ಅಪಾಯವಾದದ್ದಿದೆ. ಆಟಿಸಂ ಇರುವವರಲ್ಲಿ ಅಪಸ್ಮಾರ ಉಳಿದವರಿಗಿಂತ ಹೆಚ್ಚು. ಯಾರೇ ಹೇಳಿದರೂ ಅಪಸ್ಮಾರದ ಮದ್ದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಎಲ್ಲಿಗೆ ಹೋಗಬೇಕು? ಸಂಶಯ ಬಂದರೆ ಕಾಯಬೇಡಿ. ಅಂಗನವಾಡಿಯಲ್ಲಿ, ಊರಿನ ಆರೋಗ್ಯ ಕೇಂದ್ರದಲ್ಲಿ ಹೇಳಿ. 2013ರಿಂದ ನಡೆಯುತ್ತಿರುವ ಮಕ್ಕಳ ಆರೋಗ್ಯ ಯೋಜನೆಯಡಿ ಜಿಲ್ಲಾ ಮಟ್ಟದಲ್ಲಿ ಬೇಗ ಗುರುತಿಸಿ ನೆರವಾಗುವ ಕೇಂದ್ರಗಳಿವೆ. ಎಂಡೋಸಲ್ಫಾನಿನ ನೋವು ಉಂಡ ನಮ್ಮ ಜಿಲ್ಲೆಯಲ್ಲಿ ಬಡ್ಸ್ ಶಾಲೆಗಳ ಹೆಸರು ಕೇಳದವರು ವಿರಳ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಕನ್ನಡದಲ್ಲೇ ಮಾತನಾಡಬಹುದು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಸೇರಿಸಿಕೊಂಡಿತು. 2016ರ ಕಾಯಿದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಅದೂ ಒಂದು. ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ವಿಮಾ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ನೆರವಿದೆ.

ಕಚೇರಿಯಲ್ಲಿ ಕೊಡುವ ಕಾಗದ ಮಲಯಾಳದಲ್ಲಿದೆ, ಅರ್ಥವಾಗುವುದಿಲ್ಲ ಎಂದು ಸುಮ್ಮನೆ ಸಹಿ ಹಾಕಿ ಬರಬೇಡಿ. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ ನಮಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಮಾತಿನ ತರಬೇತಿಯಲ್ಲಿ ಮಲಯಾಳದ ಶಬ್ದ ಹೇಳಿಕೊಟ್ಟರೆ ಹೆದರುವುದೂ ಬೇಡ. ಮನೆಯ ಶಬ್ದವನ್ನು ಬಿಡುವುದೂ ಬೇಡ. ನಮ್ಮ ಮಗು ತರಬೇತಿಯಲ್ಲಿ ವೆಳ್ಳಂ ಎನ್ನುತ್ತಾನೆ, ಮನೆಯಲ್ಲಿ ನೀರು ಎನ್ನುತ್ತಾನೆ. ಎರಡು ಕಡೆಯೂ ಅವನಿಗೆ ನೀರು ಸಿಗುತ್ತದೆ.

ಮೊನ್ನೆ ರಾತ್ರಿ ಮಳೆಗೆ ಕರೆಂಟು ಹೋಗಿತ್ತು. ಕಾರ್ಡು ಹುಡುಕಲು ಬೆಳಕಿರಲಿಲ್ಲ. ಇವತ್ತು ತಿಕ್ಕುವುದು ಬೇಡವೆಂದು ನಾನು ಚಾಪೆ ಮಡಚತೊಡಗಿದೆ. ಕತ್ತಲೆಯಲ್ಲಿ ಒಂದು ಕೈ ನನ್ನ ಕೈಯನ್ನು ಹಿಡಿದೆಳೆದು ತನ್ನ ಬೆನ್ನ ಮೇಲಿಟ್ಟುಕೊಂಡಿತು. "ಒಂದು" ಎಂದ. ನಾನು ಎಣಿಸತೊಡಗಿದೆ.